ಬಿಲಾವೊ ಮನೆಗೆ ಬಂದ ಮೇಲೆ

ಮನಿಲಾದಲ್ಲಿ ಸಂಸಾರ ಹೂಡಿದ ಹೊಸ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸೊಪ್ಪಿನದು, ಎರಡನೆಯದು ತಿಂಡಿಯದು. 2020ರ ಲಾಕ್‌ಡೌನಿನಲ್ಲಿ ಇಲ್ಲಿನ ಎಷ್ಟೋ ಹೆಂಗಸರು ಮನೆಯ ಒಲೆಯನ್ನೇ ಅಂಗಡಿ ಮಾಡಿಕೊಂಡರು. ಫೇಸ್‌ಬುಕ್ಕಿನಲ್ಲಿ ಚಿತ್ರ ಹಾಕುತ್ತಾರೆ, ಜಿಕ್ಯಾಶ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ದುಡ್ಡು ಕಳುಹಿಸಿದರೆ ಬೈಕಿನವನು ಬಾಗಿಲಿಗೆ ತರುತ್ತಾನೆ. ಗೆಳತಿಯೆಂದು ಚೌಕಾಶಿಗೆ ಇಳಿಯಬೇಡಿ. ಗಂಟೆಗಟ್ಟಲೆ ಬಿಕೊ ತಿರುವಿದ ತೋಳಿಗೆ ಸ್ನೇಹದ ರಿಯಾಯಿತಿ ಗೊತ್ತಾಗುವುದಿಲ್ಲ.

ಬಿಕೊ ಎಂದರೆ ಅಂಟಕ್ಕಿಯನ್ನು ತೆಂಗಿನ ಹಾಲು, ಕಂದು ಸಕ್ಕರೆಯಲ್ಲಿ ಬೇಯಿಸಿದ್ದು. ಹೀಗೆ ಅಕ್ಕಿಯಿಂದ ಮಾಡುವ ಸಿಹಿಗಳಿಗೆಲ್ಲ ಇಲ್ಲಿ ಕಕಾನಿನ್ ಎನ್ನುತ್ತಾರೆ. ನಮ್ಮ ಗೆರಸೆಯಂಥ ಬಿದಿರಿನ ಬಿಲಾವೊದಲ್ಲಿ ಬಾಳೆಲೆ ಹಾಸಿ, ಮೇಲೆ ಲಾತಿಕ್ ಉದುರಿಸಿ ಕಳುಹಿಸುತ್ತಾರೆ. ತೆಂಗಿನ ಹಾಲನ್ನು ಕುದಿಸಿ ಕುದಿಸಿ ಎಣ್ಣೆ ಬಿಟ್ಟಾಗ ಉಳಿಯುವ ಕಂದು ಗಸಿಯೇ ಲಾತಿಕ್. ಅದನ್ನು ಬೇರೆ ಪೊಟ್ಟಣದಲ್ಲಿ ಕೊಡಲು ಹೇಳಿ, ತಿನ್ನುವಾಗ ಉದುರಿಸಿಕೊಳ್ಳಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ.

ತೆಂಗಿನ ಹಾಲು ಇಲ್ಲಿನ ಸೆಕೆಗೆ ಬೇಗ ಹಳಸುತ್ತದೆ. ಬಂದ ದಿನವೇ ತಿಂದುಬಿಡುವುದು ಮೇಲು. ಎಳೆದರೆ ನೂಲು ಬಂದರೆ, ಹುಳಿ ವಾಸನೆ ಮೂಗಿಗೆ ಬಡಿದರೆ ಎಸೆಯಿರಿ, ಎಷ್ಟು ಪೆಸೊ ಕೊಟ್ಟಿದ್ದೀರೆಂದು ಲೆಕ್ಕ ಹಾಕಬೇಡಿ. ಕುತ್ಸಿಂತಾ ಎಂಬ ಹಬೆಯಲ್ಲಿ ಬೇಯಿಸಿದ ಮೆತ್ತನೆಯ ಕಂದು ತಿಂಡಿಯ ಜೊತೆಗೆ ಬರುವ ಕಾಯಿತುರಿ ಎಲ್ಲಕ್ಕಿಂತ ಮೊದಲು ಕೆಡುತ್ತದೆ, ಅದನ್ನು ಬೇರೆಯಾಗಿ ಫ್ರಿಜ್ಜಿನಲ್ಲಿಡಿ.

ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಅನ್ನದಂತೆ ಗಟ್ಟಿಯಾಗುತ್ತದೆ. ಹೆದರಬೇಡಿ, ಇಡ್ಲಿ ಪಾತ್ರೆ ತೆಗೆಯಿರಿ. ಮುಚ್ಚಳದ ಒಳಗೆ ಒಣ ಬಟ್ಟೆ ಕಟ್ಟಿ ಹಬೆಯಲ್ಲಿಡಿ. ನಾನು ಬಟ್ಟೆ ಮರೆತ ದಿನ ಮುಚ್ಚಳದ ನೀರು ತೊಟ್ಟಿಕ್ಕಿ ಇಡ್ಲಿಯಂಥ ಪುತೊ ಅಷ್ಟೂ ತೊಯ್ದ ಸ್ಪಂಜಾಗಿತ್ತು. ಸುಮಾನ್ ಎಂಬ ಅಂಟಕ್ಕಿಯ ತಿಂಡಿ ಎಲೆಯಲ್ಲೇ ಸುತ್ತಿಕೊಂಡು ಬರುತ್ತದೆ, ಎಲೆ ಬಿಚ್ಚದೆ ಬೇಯಿಸಿದರೆ ಅರಿಸಿನದ ಎಲೆಯ ಕಡುಬು ಬಿಚ್ಚುವ ಸುಖವೇ. ಮಾವಿನ ಕಾಲವಾದರೆ ಹಣ್ಣಿನ ಹೋಳಿನೊಂದಿಗೆ ತಿನ್ನಿ. ಬೇರೇನೂ ಬೇಡ.

ನಮ್ಮಲ್ಲಿ ಸಸ್ಯಾಹಾರಿಗಳು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು, ತಿಂದ ಮೇಲಲ್ಲ. ಬಿಕೊ, ಸುಮಾನ್‌ಗಳಲ್ಲಿ ಸಾಮಾನ್ಯವಾಗಿ ಅಕ್ಕಿ, ತೆಂಗು, ಸಿಹಿಯಷ್ಟೇ. ಈಗಿನ ಪುತೊದಲ್ಲಿ ಮೊಟ್ಟೆ, ಚೀಸ್ ಎರಡೂ ಇರಬಹುದು. ಹೋಪಿಯಾ ಎಂಬ ಹೂರಣ ತುಂಬಿ ಬೇಕ್ ಮಾಡಿದ ತಿಂಡಿಯ ಒಳಗಿನ ಹೆಸರುಬೇಳೆಯ ಹೂರಣ ನೋಡಿ ನಮ್ಮದೇ ಎಂದು ಬಾಯಿಗೆ ಹಾಕಬೇಡಿ, ಅದರ ಹೊರಗಿನ ಪದರಕ್ಕೆ ಹಂದಿಯ ಕೊಬ್ಬು ಹಾಕುವ ರೂಢಿಯಿದೆ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಉಬೆ ಹಲಾಯ ಎಂಬ ನೇರಳೆ ಗೆಣಸಿನ ಸಿಹಿ ಜಾಮಿಗೆ ನಮ್ಮ ಉಪ್ಪಿನಕಾಯಿಯ ನಿಯಮವೇ: ಒಣ ಚಮಚ, ಬಿಗಿ ಮುಚ್ಚಳ. ಮೊಟ್ಟೆ ತಿನ್ನುವವರಿಗೆ ಕ್ಯಾರಮೆಲ್ ಪುಡಿಂಗಿನಂಥ ಲೆಚೆ ಫ್ಲಾನ್ ಇದೆ, ಹಳದಿ ಲೋಳೆ, ಮಂದಗೊಳಿಸಿದ ಹಾಲಿನ ಅಪ್ಪಟ ಐಷಾರಾಮ. ಚೆನ್ನಾಗಿ ತಣ್ಣಗಾದ ಮೇಲೆ ಅಂಚಿಗೆ ಚಾಕು ಆಡಿಸಿ, ಡಬ್ಬಿಯ ತಳವನ್ನು ಕ್ಷಣಕಾಲ ಬಿಸಿನೀರಿನಲ್ಲಿ ಅದ್ದಿ, ಆಮೇಲೆ ತಟ್ಟೆಗೆ ಬೋರಲು ಹಾಕಿ. ಆತುರಪಟ್ಟರೆ ಕ್ಯಾರಮೆಲ್ ಎಲ್ಲ ತಳದಲ್ಲೇ ಉಳಿಯುತ್ತದೆ.

ಆ ಮೊಟ್ಟೆಯಾಕಾರದ ತಗಡಿನ ಡಬ್ಬಿ, ಲ್ಯಾನೆರಾ, ಗೆಳತಿಯದು. ತೊಳೆದು ಹಿಂತಿರುಗಿಸಿ, ಖಾಲಿಯಾಗಿ ಮಾತ್ರ ಬೇಡ. ಕಳೆದ ಸಲ ನಾನು ಕೋಡುಬಳೆ ತುಂಬಿ ಕಳುಹಿಸಿದ್ದೆ. ಮರುದಿನ ಅದೇ ಬೈಕಿನವನು ಬಾಗಿಲಲ್ಲಿದ್ದ, ಕೈಯಲ್ಲಿ ಇನ್ನೆರಡು ಡಬ್ಬಿ. ಎರಡೂ ಖಾಲಿ.