ಊಟದ ಟೇಬಲ್ ಬೀದಿಗೆ ತರುವುದು ಹೇಗೆ?

ಕಾರವಾರದಲ್ಲಿ ಮೀನೂಟದ ಹೋಟೆಲ್ ನಡೆಸುವವಳು ನಾನು. ಕೊರೊನಾದಂಥ ರೋಗ ಮತ್ತೆ ಬಂದರೆ ಬಾಗಿಲು ಹಾಕಿ ಕೂರುವ ಬದಲು ಬೀದಿಯಲ್ಲೇ ಊಟ ಬಡಿಸಬಹುದು. ಲಿಥುವೇನಿಯಾದ ವಿಲ್ನಿಯಸ್ ನಗರ 2020ರಲ್ಲೇ ಹೀಗೆ ಮಾಡಿತು. ಬಯಲಲ್ಲಿ ಗಾಳಿ ಆಡುತ್ತದೆ, ಸೋಂಕು ಹರಡುವುದು ಕಮ್ಮಿ.

ಮೊದಲು ಬೀದಿ ಆರಿಸಿ. ಬಸ್ ಓಡುವ ರಸ್ತೆ, ಆಸ್ಪತ್ರೆಯ ದಾರಿ ಬೇಡವೇ ಬೇಡ. ನಮ್ಮೂರಿನ ಗ್ರೀನ್ ಸ್ಟ್ರೀಟಿನಂಥ ಪೇಟೆ ಬೀದಿಯಲ್ಲಿ ಒಂದು ತುಂಡಿಗೆ ಮಾತ್ರ ವಾಹನ ಬಿಡದಿದ್ದರೆ ಸಾಕು, ಅದೂ ಸಂಜೆ ಹೊತ್ತು. ಅಂಗಡಿಯವರನ್ನು, ಮಹಡಿ ಮೇಲೆ ವಾಸವಿರುವವರನ್ನು ಮೊದಲೇ ಕೇಳಿ. ಅವರು ಒಪ್ಪಿದ ಮೇಲೆ ಎಲ್ಲ ಹೋಟೆಲಿನವರೂ ಸೇರಿ ನಗರಸಭೆಗೆ, ಪೊಲೀಸರಿಗೆ ಒಂದೇ ಅರ್ಜಿ ಕೊಡಿ.

ಬೀದಿಯ ನಡುವೆ ಅಗ್ನಿಶಾಮಕ ವಾಹನ ಸಲೀಸಾಗಿ ಹೋಗುವಷ್ಟು ಜಾಗ ಬಿಡಿ. ಇದರಲ್ಲಿ ರಾಜಿ ಬೇಡ. ಬ್ಯಾರಿಕೇಡ್ ಪಕ್ಕ ಒಬ್ಬರು ನಿಂತಿರಲೇಬೇಕು, ಆಂಬುಲೆನ್ಸ್ ಬಂದರೆ ತಕ್ಷಣ ಸರಿಸಬೇಕಲ್ವಾ? ಟೇಬಲ್‌ಗಳ ನಡುವೆ ಆರಡಿ ಅಂತರವಿರಲಿ. ಸುತ್ತ ಟಾರ್ಪಾಲ್ ಕಟ್ಟಬೇಡಿ, ಕಟ್ಟಿದರೆ ಒಳಗೆ ಕೂತ ಹಾಗೇ ಆಯ್ತು.

ನಮ್ಮಲ್ಲಿ ಕಡಲ ಗಾಳಿ ಜೋರು. ಪೇಪರ್ ತಟ್ಟೆ ಹಾರುತ್ತದೆ, ಸ್ಟೀಲ್ ತಟ್ಟೆಯೇ ಒಳ್ಳೆಯದು. ಬಂಗಡೆ ಮುಳ್ಳು ಹಾಕಲು ಮುಚ್ಚಳದ ಬಕೆಟ್ ಇಡಿ, ಇಲ್ಲದಿದ್ದರೆ ನಾಯಿ, ಬೆಕ್ಕು ಟೇಬಲ್ ಕೆಳಗೇ ಸೇರುತ್ತವೆ. ಬಡಿಸುವ ಹುಡುಗರಿಗೆ ಮಾಸ್ಕ್ ಕಡ್ಡಾಯ, ಕೈ ತೊಳೆಯುವ ನೀರು ಹೊರಗೇ ಇರಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಆಗದ ಕೆಲಸ. ಮಳೆಗಾಲಕ್ಕೆ ಪಾರ್ಸೆಲ್ ವ್ಯವಸ್ಥೆ ಈಗಲೇ ಮಾಡಿಟ್ಟುಕೊಳ್ಳಿ.