ದುಬೈ ಕೆಲಸ: ವಿಮಾನ ಹತ್ತುವ ಮೊದಲು ಆ ಕಾಗದ ಓದಿ

ಐಟಿಐ ಮುಗಿಸಿದ ಹುಡುಗ ದುಬೈಗೆ ಹೊರಟನೆಂದರೆ ಮನೆಯವರು ಕೇಳುವುದು ಎರಡೇ ಪ್ರಶ್ನೆ: ಸಂಬಳ ಎಷ್ಟು, ಏಜೆಂಟರಿಗೆ ಎಷ್ಟು ಕೊಡಬೇಕು. ಎರಡಕ್ಕೂ ಉತ್ತರ ಫೋನಿನಲ್ಲಿ ಬರುತ್ತದೆ, ಕಾಗದದಲ್ಲಿ ಬರುವುದಿಲ್ಲ. ಗೋಳು ಶುರುವಾಗುವುದೇ ಅಲ್ಲಿ. ನಾನು ಶಾರ್ಜಾದ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವನು. ನನ್ನ ಮೊದಲ ಕರಾರಿಗೆ ಸಹಿ ಹಾಕಿದ್ದು ಅಲ್ಲಿಗೆ ಹೋಗಿ ಇಳಿದ ಮೇಲೆ, ನಿಲ್ಲಿಸಿದ್ದ ಪಿಕಪ್ ಗಾಡಿಯ ಬಾನೆಟ್ ಮೇಲೆ ಹಾಳೆ ಇಟ್ಟುಕೊಂಡು. ಏನು ಬರೆದಿತ್ತೆಂದು ತಿಳಿದದ್ದು ಮೂರನೇ ತಿಂಗಳಲ್ಲಿ. ನೀವು ಅಷ್ಟು ದಿನ ಕಾಯಬೇಕಿಲ್ಲ.

ಇಲ್ಲಿ ಹೇಳುತ್ತಿರುವುದು ಎಲೆಕ್ಟ್ರಿಷಿಯನ್, ಪ್ಲಂಬರ್, ಎಸಿ ಮೆಕ್ಯಾನಿಕ್‌ನಂಥ ಕೆಲಸಕ್ಕೆ ಯುಎಇಗೆ (ದುಬೈ, ಶಾರ್ಜಾ ಇರುವ ದೇಶ) ಮೊದಲ ಸಲ ಹೊರಟವರ ಬಗ್ಗೆ.

1. ಪಾಸ್‌ಪೋರ್ಟ್: ಹೆಸರಿನ ಕಡೆ ಗಮನ

ನಮ್ಮಲ್ಲಿ ಬಹಳ ಜನರಿಗೆ ಮನೆಹೆಸರು ಇಲ್ಲ, ಇನಿಶಿಯಲ್ ಮಾತ್ರ. ಅರ್ಜಿ ತುಂಬುವಾಗ ‘ಸರ್‌ನೇಮ್’ ಜಾಗ ಖಾಲಿ ಬಿಟ್ಟರೆ ಪಾಸ್‌ಪೋರ್ಟಿನಲ್ಲಿ ಬರೀ ‘ಮಂಜುನಾಥ’ ಎಂದಷ್ಟೇ ಅಚ್ಚಾಗುತ್ತದೆ. 2022ರ ನವೆಂಬರಿನಲ್ಲಿ ಯುಎಇ ಇಂಥ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವೀಸಾ ಕೊಡುವುದಿಲ್ಲ ಎಂದಿತು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ನಡೆಯುತ್ತದೆ ಎಂದು ಸಡಿಲಿಸಿತು. ಈ ಜಂಜಾಟವೇ ಬೇಡವೆಂದರೆ ಇನಿಶಿಯಲ್ ಅನ್ನು ಪೂರ್ತಿ ಹೆಸರಾಗಿ ಬಿಡಿಸಿ ಬರೆಸಿ. ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಕಾಗುಣಿತ ಇರಲಿ. ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು.

ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಸಿಗುವುದು ‘ನಾನ್-ಇಸಿಆರ್’ ಪಾಸ್‌ಪೋರ್ಟ್. ಹತ್ತನೆಯ ತರಗತಿ ದಾಟದವರದ್ದು ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದದ್ದು. ಯುಎಇ, ಸೌದಿ, ಕತಾರ್, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಇಸಿಆರ್‌ನವರು ಸರ್ಕಾರದಿಂದ ವಲಸೆ ಅನುಮತಿ ಪಡೆಯಲೇಬೇಕು. ಆ ನೆಪದಲ್ಲಿ ಅವರ ಕರಾರನ್ನು ಒಬ್ಬ ಅಧಿಕಾರಿಯಾದರೂ ನೋಡುತ್ತಾನೆ. ಐಟಿಐ ಓದಿದವನದ್ದನ್ನು ಯಾರೂ ನೋಡುವುದಿಲ್ಲ! ಓದಿದವನೆಂಬ ಕಾರಣಕ್ಕೇ ಅವನ ತಲೆಯ ಮೇಲೆ ಜವಾಬ್ದಾರಿ ಹೆಚ್ಚು.

2. ಏಜೆಂಟ್ ಅಸಲಿಯೋ ನಕಲಿಯೋ

1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಜನ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ‘ಇ-ಮೈಗ್ರೇಟ್’ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಹೆಸರಿದ್ದರೆ ಸಾಲದು, ಲೈಸೆನ್ಸ್ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ‘ನಾನು ಅವರ ಕಡೆಯವನು’ ಎಂದು ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕೂತು ಹೇಳುವ ಸಬ್-ಏಜೆಂಟ್‌ಗೆ ಕಾನೂನಿನಲ್ಲಿ ಜಾಗವೇ ಇಲ್ಲ.

ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. ‘ವೀಸಾಕ್ಕೆ ಒಂದೂವರೆ ಲಕ್ಷ’ ಎಂದು ಯಾರಾದರೂ ಕೇಳಿದರೆ ಒಂದು ಮಾತು ನೆನಪಿರಲಿ: ಯುಎಇ ಕಾನೂನಿನಲ್ಲಿ ನೇಮಕಾತಿಯ ಖರ್ಚು ಕಂಪನಿಯದ್ದು, ಕಾರ್ಮಿಕನಿಂದ ನೇರವಾಗಿಯಾಗಲೀ ಸುತ್ತುಬಳಸಿಯಾಗಲೀ ವಸೂಲಿ ಮಾಡುವಂತಿಲ್ಲ. ಅಮ್ಮನ ಸರ ಅಡವಿಟ್ಟು ಕೊಡುವ ಆ ಹಣ ಯಾರ ಜೇಬಿಗೆ ಹೋಗುತ್ತದೆಂದು ಇನ್ನು ಬಿಡಿಸಿ ಹೇಳಬೇಕೆ?

ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮಕ್ಕೆ ಸೇರಿದ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ. ಖಾಸಗಿಯವರ ಬಾಗಿಲು ತಟ್ಟುವ ಮುಂಚೆ ಅಲ್ಲೊಮ್ಮೆ ವಿಚಾರಿಸಿ.

3. ಟ್ರೇಡ್ ಟೆಸ್ಟ್

ಕೆಲಸ ಮಾಡಿಸಿ ನೋಡುವ ಪರೀಕ್ಷೆ ಇದು, ಸಂದರ್ಶನಕ್ಕಿಂತ ಇದೇ ಮುಖ್ಯ. ಬಾಯಿಮಾತಿಗೆ ಇಲ್ಲಿ ಬೆಲೆ ಕಡಿಮೆ, ಕೈ ನೋಡುತ್ತಾರೆ. ಎಲೆಕ್ಟ್ರಿಷಿಯನ್ ಆದರೆ ಆರ್ಮರ್ಡ್ ಕೇಬಲ್‌ಗೆ ಗ್ಲ್ಯಾಂಡ್ ಕಟ್ಟುವುದು, ಪೈಪ್ ಬೆಂಡ್ ಮಾಡುವುದು, ಡಿಬಿ (ವಿದ್ಯುತ್ ಹಂಚುವ ಪೆಟ್ಟಿಗೆ) ಡ್ರೆಸ್ಸಿಂಗ್, ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಓದುವುದು ಸಲೀಸಾಗಿ ಬರಲಿ. ಅಲ್ಲಿನ ಸಾಕೆಟ್ಟು ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್ನಿನದು, ಪ್ಲಗ್ಗಿನೊಳಗೇ ಫ್ಯೂಸ್. ಒಂದನ್ನು ಬಿಚ್ಚಿ ಕಟ್ಟಿ ಅಭ್ಯಾಸ ಮಾಡಿಕೊಂಡು ಹೋದವನಿಗೂ ಅಲ್ಲೇ ಮೊದಲು ನೋಡಿದವನಿಗೂ ವ್ಯತ್ಯಾಸ ತಿಳಿಯುತ್ತದೆ. ಇಂಗ್ಲಿಷ್ ಬಾರದಿದ್ದರೆ ಅಂಜಬೇಡಿ. ಸೈಟಿನಲ್ಲಿ ಹರಕುಮುರುಕು ಹಿಂದಿಯಲ್ಲೇ ಕೆಲಸ ಸಾಗುತ್ತದೆ. ಆದರೆ ಸಲಕರಣೆಗಳ ಇಂಗ್ಲಿಷ್ ಹೆಸರು ಬಾಯಿಗೆ ಬರಲೇಬೇಕು.

4. ಆಫರ್ ಲೆಟರ್: ಇಲ್ಲಿ ಕೂತು ಓದಿ

ಇದನ್ನು ಅವಸರದಲ್ಲಿ ಮುಗಿಸಬೇಡಿ. ಯುಎಇಯ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿರುವ ಆಫರ್ ಲೆಟರ್ ಬೇಕು. ಕಂಪನಿಯ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿದ ಹಾಳೆ ಸಾಲದು. ಅರೇಬಿಕ್, ಇಂಗ್ಲಿಷ್ ಜೊತೆಗೆ ಕಾರ್ಮಿಕನಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಕೊಡುವ ವ್ಯವಸ್ಥೆ ಇದೆ. ಆ ಭಾಷೆಗಳಲ್ಲಿ ಹಿಂದಿ, ಮಲಯಾಳಂ, ತಮಿಳು ಇವೆ, ನಮ್ಮದು ಇಲ್ಲ. ಹಿಂದಿಯದ್ದನ್ನೇ ತರಿಸಿಕೊಂಡು ಬಲ್ಲವರ ಮುಂದೆ ಸಾಲು ಸಾಲಾಗಿ ಓದಿಸಿ.

ಮೊದಲು ‘ಬೇಸಿಕ್’ (ಮೂಲ ವೇತನ) ಎಂಬ ಸಾಲಿಗೆ ಬೆರಳಿಡಿ. ಇಬ್ಬರಿಗೆ ತಿಂಗಳಿಗೆ 1,500 ದಿರ್ಹಂ (ಅಲ್ಲಿನ ಹಣ, ನೂರು ಫಿಲ್ಸ್‌ಗೆ ಒಂದು ದಿರ್ಹಂ) ಎಂದಿಟ್ಟುಕೊಳ್ಳಿ. ಒಬ್ಬನ ಬೇಸಿಕ್ 800, ಉಳಿದದ್ದು ಅಲೊವೆನ್ಸ್. ಇನ್ನೊಬ್ಬನ ಬೇಸಿಕ್ 1,200. ತಿಂಗಳ ಕೊನೆಗೆ ಇಬ್ಬರ ಕೈಗೂ ಬರುವುದು ಅಷ್ಟೇ, ಆದರೆ ಓಟಿ (ಓವರ್‌ಟೈಮ್) ಲೆಕ್ಕ ಹಾಕುವುದು ಬೇಸಿಕ್ ಮೇಲೆ. ದಿನಕ್ಕೆ ಎಂಟು ಗಂಟೆ ದುಡಿಮೆ, ಅದರಾಚೆಯ ಗಂಟೆಗೆ ಶೇ 25 ಹೆಚ್ಚು. 800ರವನಿಗೆ ಓಟಿ ಗಂಟೆಗೆ ಸುಮಾರು 4 ದಿರ್ಹಂ 17 ಫಿಲ್ಸ್, 1,200ರವನಿಗೆ 6 ದಿರ್ಹಂ 25 ಫಿಲ್ಸ್. ದಿನಾ ಎರಡು ಗಂಟೆಯಂತೆ 26 ದಿನ ಓಟಿ ಮಾಡಿದರೆ ಒಬ್ಬನಿಗೆ 217, ಇನ್ನೊಬ್ಬನಿಗೆ 325 ದಿರ್ಹಂ. ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿಯೂ ಹಾಗೆಯೇ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಒಂದು ವರ್ಷಕ್ಕೆ ಮೊದಲನೆಯವನಿಗೆ 560, ಎರಡನೆಯವನಿಗೆ 840. ಮೂರನೇ ತಿಂಗಳಲ್ಲಿ ನನಗೆ ಗೊತ್ತಾದದ್ದು ಇದೇ ಲೆಕ್ಕ. ನಾನು ಆ ಮೊದಲನೆಯವನು.

ಉಳಿದವು ಬೇಗ ನೋಡಬಹುದು. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ವಾರಕ್ಕೆ 48 ಗಂಟೆ. ವರ್ಷ ತುಂಬಿದ ಮೇಲೆ 30 ದಿನ ಸಂಬಳ ಸಹಿತ ರಜೆ. ರೂಮು ಕಂಪನಿಯದ್ದೋ, ಊಟ ಯಾರದ್ದು, ಊರಿಗೆ ಬರುವ ಟಿಕೆಟ್ ಎಷ್ಟು ವರ್ಷಕ್ಕೊಮ್ಮೆ ಎಂಬುದು ಬಾಯಿಮಾತಲ್ಲಿ ಉಳಿಯಬಾರದು, ಬರಹದಲ್ಲಿರಬೇಕು. ಹಾಳೆಯ ಮೇಲಿರುವ ಟ್ರಾನ್ಸಾಕ್ಷನ್ ನಂಬರ್ ಹಾಕಿ ಸಚಿವಾಲಯದ ತಾಣದಲ್ಲೇ ಅದು ಅಸಲಿಯೇ ಎಂದು ನೋಡಬಹುದು.

5. ವೀಸಾ ಯಾವುದು?

‘ಈಗ ವಿಸಿಟ್‌ನಲ್ಲಿ ಹೋಗು, ಅಲ್ಲಿ ಚೇಂಜ್ ಮಾಡಿಸ್ತೇವೆ’ ಎಂಬ ಮಾತಿಗೆ ಬೀಳಬೇಡಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿ ಅಪರಾಧ. ಸರಿಯಾದ ದಾರಿ ಇದು: ಕಂಪನಿ ಕೆಲಸದ ಪರವಾನಗಿ ಪಡೆದು ಉದ್ಯೋಗದ ಎಂಟ್ರಿ ಪರ್ಮಿಟ್ ಕಳಿಸುತ್ತದೆ; ನೀವು ಹೋದ ಮೇಲೆ ಮೆಡಿಕಲ್, ಎಮಿರೇಟ್ಸ್ ಐಡಿಗೆ (ಅಲ್ಲಿನ ಗುರುತಿನ ಚೀಟಿ) ಬೆರಳಚ್ಚು, ಆಮೇಲೆ ವಾಸದ ವೀಸಾ. ಮೆಡಿಕಲ್‌ನಲ್ಲಿ ಎಚ್‌ಐವಿ ಮತ್ತು ಕ್ಷಯ ನೋಡುತ್ತಾರೆ. ಸಾಲ ಮಾಡುವ ಮುಂಚೆಯೇ ಇಲ್ಲೊಂದು ಎದೆಯ ಎಕ್ಸ್-ರೇ ತೆಗೆಸಿಕೊಳ್ಳಿ. ಅಲ್ಲಿ ತೊಂದರೆ ಕಂಡು ವಾಪಸಾದರೆ ಎಕ್ಸ್-ರೇ ದುಡ್ಡಿನ ನೂರು ಪಟ್ಟು ಹೋಗುತ್ತದೆ.

ಸರ್ಟಿಫಿಕೇಟ್ ಅಟೆಸ್ಟೇಷನ್ (ಅಧಿಕೃತ ದೃಢೀಕರಣ) ಕೇಳಿದರೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ ಎಂಬ ಮೂರು ಮೆಟ್ಟಿಲು. ವಾರಗಟ್ಟಲೆ ಹಿಡಿಯುತ್ತದೆ, ಮೊದಲೇ ಹಾಕಿ.

ಇಸಿಆರ್‌ನವರಿಗೆ ಪ್ರವಾಸಿ ಭಾರತೀಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ ಪ್ರೀಮಿಯಂ 275 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ. ಒಂದು ದಿನದ ಪ್ರಯಾಣಪೂರ್ವ ತರಬೇತಿಯೂ ಉಂಟು, ಬೇಜಾರೆನಿಸಿದರೂ ಕೂತು ಕೇಳಿ.

6. ಬ್ಯಾಗಿನಲ್ಲಿ ಗಸಗಸೆ ಬೇಡ

ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕು. ಯುಎಇಯಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ. ಮಸಾಲೆ ಪುಡಿಯಲ್ಲಿ ಸೇರಿದ್ದರೂ ಬೇಡ. ಅಜ್ಜ ಕಟ್ಟಿಕೊಡುವ ವೀಳ್ಯದೆಲೆಗೂ ನಿಷೇಧ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್‌ಗಳಿಗೆ ಮುಂಚಿತ ಅನುಮತಿ ಬೇಕು. ಬೇರೆ ಮಾತ್ರೆಗಳಿದ್ದರೆ ಡಾಕ್ಟರ ಚೀಟಿ ಜೊತೆಗಿರಲಿ. ಉಪ್ಪಿನಕಾಯಿಗೆ ಅಡ್ಡಿಯಿಲ್ಲ, ಎಣ್ಣೆ ಸೋರದಂತೆ ಕಟ್ಟಿ.

ಮೊದಲ ಸಂಬಳ ಬರಲು ತಿಂಗಳ ಮೇಲಾಗಬಹುದು, ಕೈಖರ್ಚಿಗೆ ನಾಲ್ಕೈದು ನೂರು ದಿರ್ಹಂ ಇಟ್ಟುಕೊಳ್ಳಿ. ಎಲ್ಲ ಕಾಗದದ ಫೋಟೊ ಮನೆಯವರ ಫೋನಿನಲ್ಲೂ ಇರಲಿ.

7. ಇಳಿದ ಮೇಲೆ

ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಬೇಕು. ಕಂಪನಿ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೆ ವಿರುದ್ಧ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲು ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಸಂಬಳ ಕೈಗೆ ನಗದಾಗಿ ಅಲ್ಲ, ಬ್ಯಾಂಕ್ ಅಥವಾ ಕಾರ್ಡಿನ ಮೂಲಕ ಬರಬೇಕು. 2009ರಿಂದ ಅಲ್ಲಿ ಈ ಪದ್ಧತಿ ಇದೆ.

ಮೊದಲ ಸಂಬಳ ಬಂದ ಸಂಜೆ ರೂಮಿನಲ್ಲಿ ಕೂತು ಆಫರ್ ಲೆಟರಿನ ಫೋಟೊ ತೆಗೆದು ತಾಳೆ ನೋಡಿ: ಬೇಸಿಕ್, ಅಲೊವೆನ್ಸ್, ಓಟಿ. ವ್ಯತ್ಯಾಸ ಕಂಡರೆ ಮೊದಲು ಕಂಪನಿಯಲ್ಲಿ ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ದುಬೈನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 800 46342ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ.