ಡಾಂಬರು ರಸ್ತೆಯ ಮಧ್ಯದ ಜಾಯಿಂಟ್ ಬಾಯಿ ಬಿಡುತ್ತಿದ್ದುದು ನಿಂತದ್ದು ಹೀಗೆ

ಮಲೆನಾಡಿನ ಎರಡು ಲೇನ್ ರಸ್ತೆ, ಮೇಲೆ 40 ಮಿ.ಮೀ. ಬಿಟುಮಿನಸ್ ಕಾಂಕ್ರೀಟ್ (ಜಲ್ಲಿ, ಡಾಂಬರು ಬೆರೆಸಿದ ಬಿಸಿ ಮಿಕ್ಸ್). ಒಂದು ಲೇನ್ ಇವತ್ತು, ಇನ್ನೊಂದು ನಾಳೆ. ಮೊದಲ ಮಳೆಗಾಲಕ್ಕೇ ಎರಡು ಲೇನ್ ಸೇರುವ ಮಧ್ಯದ ಜಾಯಿಂಟ್ ಬಿರುಕು ಬಿಟ್ಟಿತು, ಜಲ್ಲಿ ಕಿತ್ತು ಬಂತು. ಉಳಿದ ರಸ್ತೆ ಗಟ್ಟಿಯಾಗೇ ಇತ್ತು.

ಜಾಯಿಂಟ್ ಮೇಲೆ ಎಮಲ್ಷನ್ (ನೀರಿನಲ್ಲಿ ಬೆರೆಸಿದ ತೆಳು ಡಾಂಬರು) ಸುರಿದೆವು, ಒಂದೇ ಮಳೆಗೆ ಹೋಯಿತು. ಸಣ್ಣ ಮಿಕ್ಸ್ ಎರಚಿ ಕುಂಟೆಯಲ್ಲಿ ಎಳೆದೆವು, ಇನ್ನೂ ಕೆಟ್ಟಿತು. ರೋಲರ್ ಜಾಸ್ತಿ ಸಲ ಓಡಿಸಿದರೆ ಜಲ್ಲಿ ಒಡೆಯಿತು ಅಷ್ಟೇ.

ತೊಂದರೆ ಮೊದಲ ಲೇನಿನ ಅಂಚಿನಲ್ಲಿತ್ತು. ಪಕ್ಕದಲ್ಲಿ ಆಸರೆ ಇಲ್ಲದ ಕಾರಣ ಅಲ್ಲಿ ಮಿಕ್ಸ್ ಹೊರಗೆ ಜಾರುತ್ತದೆ, ಸಾಂದ್ರತೆ ಬರುವುದಿಲ್ಲ. ಆ ಸಡಿಲ ಅಂಚನ್ನೇ ತೆಗೆಯಬೇಕು.

ಮತ್ತೆ ಹಾಕುವಾಗ, ಮೊದಲ ಲೇನಿನ ಮಿಕ್ಸ್ ಇನ್ನೂ ಸ್ವಲ್ಪ ಬಿಸಿ ಇರುವಾಗಲೇ ರೋಲರಿನ ಕಟಿಂಗ್ ವೀಲ್‌ನಿಂದ (ಕತ್ತರಿಸುವ ಚಕ್ರ) ಅಂಚಿನ 75 ಮಿ.ಮೀ. ನೇರವಾಗಿ ಕತ್ತರಿಸಿ ತೆಗೆದೆವು. ಮರುದಿನ ಧೂಳು ಊದಿ, ಕತ್ತರಿಸಿದ ಮುಖಕ್ಕೆ ಬಿಸಿ ಬಿಟುಮೆನ್ (ಡಾಂಬರು) ತೆಳ್ಳಗೆ ಬಳಿದೆವು. ಇದನ್ನು ಸುಮ್ನೆ ಬಿಡಬೇಡಿ. ಎರಡನೇ ಲೇನ್ ಹಾಕುವಾಗ ಪೇವರ್ ಸ್ಕ್ರೀಡ್ (ಮಿಕ್ಸ್ ಹಾಸುವ ಯಂತ್ರದ ಸಮತಟ್ಟು ಮಾಡುವ ಪಟ್ಟಿ) ಹಳೆ ಲೇನ್ ಮೇಲೆ 25 ಮಿ.ಮೀ. ಮಾತ್ರ ಬರಬೇಕು. ಹೊಸ ಮಿಕ್ಸ್ ಹಳೆ ಲೇನಿಗಿಂತ 10 ಮಿ.ಮೀ. ಎತ್ತರ ಇರಲಿ. ಪ್ರತಿ 25 ಮಿ.ಮೀ. ದಪ್ಪಕ್ಕೆ ರೋಲರ್ ಅಡಿ ಸುಮಾರು 6 ಮಿ.ಮೀ. ಕುಸಿಯುತ್ತದೆ, ತಗ್ಗಿದ್ದರೆ ರೋಲರ್ ಹಳೆ ಲೇನ್ ಮೇಲೇ ಕೂರುತ್ತದೆ ಅಲ್ವಾ? ಕುಂಟೆ ಎಳೆಯಲೇಬಾರದು. ಕೊನೆಗೆ ವೈಬ್ರೇಟರ್ ರೋಲರ್ ಹೊಸ ಲೇನ್ ಮೇಲೇ ಓಡಲಿ. ಡ್ರಮ್ ಹಳೆಯದರ ಮೇಲೆ 150 ಮಿ.ಮೀ. ಮಾತ್ರ ಚಾಚಿರಲಿ. ಮಿಕ್ಸ್ 130 ಡಿಗ್ರಿಗೆ ಇಳಿಯುವ ಮೊದಲೇ ಜಾಯಿಂಟ್ ಮುಗಿಸಿ.

ಕೆಳ ಪದರದ ಜಾಯಿಂಟ್‌ಗೂ ಇದಕ್ಕೂ ಕನಿಷ್ಠ 150 ಮಿ.ಮೀ. ಅಂತರ ಇಟ್ಟಿದ್ದೆವು. ಎರಡು ಮಳೆಗಾಲ ಕಳೆದಿದೆ, ಜಾಯಿಂಟ್ ಬಿಟ್ಟಿಲ್ಲ.